ಹೊಸ್ತಿಲ ಮೇಲಿನ ಕೆಂಪು ಚುಕ್ಕೆ

ಎರಡು ವರ್ಷದ ಹಿಂದೆ ನಾನು ಆಸ್ಟಿನ್‌ನ ಒಂದು ಸಣ್ಣ ಆರ್ಕೈವ್‌ನಲ್ಲಿ ಡಿಜಿಟೈಜೇಶನ್ ಟೆಕ್ನಿಷಿಯನ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಕೆಲಸದಿಂದ ತೆಗೆಯಲಿಲ್ಲ ಅನ್ನುವುದು ನನಗೇ ಆಶ್ಚರ್ಯ. ಟೆಕ್ಸಾಸ್‌ನ ಕಪ್ಪು ಜನರ ಮನೆಗಳಲ್ಲಿ ಉಳಿದಿರುವ ಹಳೇ ಫೋಟೋ, ಮದುವೆ ಪತ್ರ, ಶವಸಂಸ್ಕಾರದ ದಿನ ಚರ್ಚಿನಲ್ಲಿ ಹಂಚುವ ಪುಸ್ತಿಕೆ, ಬೈಬಲ್ಲಿನ ಮೊದಲ ಪುಟದಲ್ಲಿ ಬರೆದಿಟ್ಟ ಹುಟ್ಟು-ಸಾವು, ಇವನ್ನೆಲ್ಲ ಸ್ಕ್ಯಾನ್ ಮಾಡಿ ಕಾಪಾಡುವುದು ನಮ್ಮ ಕೆಲಸ. ಅಪ್ಪ-ಅಮ್ಮ ಇರುವ, ಡಲ್ಲಾಸ್ ಪಕ್ಕದ ಮೆಕಿನ್ನಿಯ ಕನ್ನಡದ ಅಂಕಲ್‌ಗಳಿಗೆ ಇದು ಅರ್ಥವಾಗುವುದಿಲ್ಲ. "ಸ್ಕ್ಯಾನಿಂಗಾ? ರೇಡಿಯಾಲಜಿ ಅಲ್ವೇನಪ್ಪಾ?" ಅಂತಾರೆ. "ಹೌದು ಅಂಕಲ್, ಪೇಷೆಂಟ್‌ಗಳೆಲ್ಲ ಪೇಪರು" ಅನ್ನುತ್ತೇನೆ. ಧಾರವಾಡದ ನನ್ನಪ್ಪ ನಡುವೆ ಬಾಯಿ ಹಾಕುತ್ತಾರೆ: "ಇವನ ಪಗಾರನೂ ಪೇಷೆಂಟೇ ರೀ, ಮ್ಯಾಲೇಳೂದೇ ಇಲ್ಲ."

ನನ್ನ ಇನ್ನೊಂದು ಚಟ ಮಿಮಿಕ್ರಿ. ಅಪ್ಪ, ಅಂಕಲ್‌ಗಳು, ನನ್ನ ಬಾಸ್ ಡಾರ್ಲೀನ್, ಯಾರ ದನಿಯೂ ನನ್ನ ಗಂಟಲಿಂದ ತಪ್ಪಿಸಿಕೊಂಡಿಲ್ಲ. ಡಾರ್ಲೀನ್ ಕಪ್ಪು ಮಹಿಳೆ, ಹಿರಿಯ ಆರ್ಕೈವಿಸ್ಟ್. ಅವರ ಎದುರೇ ಅವರ ದನಿಯಲ್ಲಿ ನನಗೆ ನಾನೇ ರಜೆ ಮಂಜೂರು ಮಾಡಿಕೊಳ್ಳುವಷ್ಟು ಸಲಿಗೆ.

ಡಾರ್ಲೀನ್ ಒಂದು ನಿಯಮ ಇಟ್ಟಿದ್ದರು: ಜನರ ಕಾಗದಗಳನ್ನು ನಾವು ಒಯ್ಯುವಂತಿಲ್ಲ, ನಮ್ಮ ಯಂತ್ರವೇ ಅವರಿದ್ದಲ್ಲಿಗೆ ಹೋಗಬೇಕು. ಬೆಳಿಗ್ಗೆ ಬಂದ ವಸ್ತು ಬಂದ ಹಾಗೇ ಸಂಜೆ ಮನೆಗೆ ಮರಳಬೇಕು. ಹಿಂದೆ ಯಾರು ಯಾರೋ ಬಂದು "ಸ್ವಲ್ಪ ದಿನಕ್ಕೆ" ಅಂತ ಆಲ್ಬಂ ಒಯ್ದು, ಮತ್ತೆ ಮುಖ ತೋರಿಸದೇ ಹೋದ ಅನುಭವ ಈ ಜನಕ್ಕೆ ಸಾಕಷ್ಟಿತ್ತು.

ಆ ಅಕ್ಟೋಬರಿನಲ್ಲಿ ದಕ್ಷಿಣ ಡಲ್ಲಾಸ್‌ನ ಒಂದು ಚರ್ಚಿನಲ್ಲಿ ನಮ್ಮ ಸ್ಕ್ಯಾನಿಂಗ್ ದಿನ ನಿಗದಿಯಾಯಿತು. ನಾನು ಹಿಂದಿನ ದಿನವೇ ಸ್ಕ್ಯಾನರನ್ನು ಕಾರಿನಲ್ಲಿ ಹಾಕಿಕೊಂಡು ಮೆಕಿನ್ನಿಗೆ ಹೋದೆ. ಅವತ್ತು ಆಯುಧಪೂಜೆ. ಅಮ್ಮ ಕಾರು, ಮಿಕ್ಸಿ, ಅಪ್ಪನ ಲ್ಯಾಪ್‌ಟಾಪು ಮುಗಿಸಿ ಕೇಳಿದರು: "ನಿನ್ನ ಅನ್ನದ ಯಂತ್ರ ಎಲ್ಲೋ?" ತಂದಿಟ್ಟೆ. ಪುರೋಹಿತರ ದನಿಯಲ್ಲಿ "ಓಂ ಸ್ಕ್ಯಾನರಾಯ ನಮಃ" ಅಂತ ಮಂತ್ರವನ್ನೂ ಹೇಳಿದೆ. ಎಲ್ಲರೂ ನಕ್ಕರು. ನಾನು ಆರತಿಯ ವಿಡಿಯೋ ತೆಗೆಯುವುದರಲ್ಲಿದ್ದಾಗ ಅಮ್ಮ, ಗಾಜು ಕೆಡಬಾರದೆಂಬ ಎಚ್ಚರದಲ್ಲಿ, ಮುಚ್ಚಳ ಎತ್ತಿ ಅದರ ಒಳಗಿನ ಬಿಳಿ ಪ್ಯಾಡಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಟ್ಟಿದ್ದರು. ಬೆಳಿಗ್ಗೆ ನಾನು ಗಾಜು ಒರೆಸಿದೆ, ಹೊರಗಿನ ಹೂ ತೆಗೆದೆ. ಪ್ಯಾಡಿನ ಕಡೆ ನೋಡಲೇ ಇಲ್ಲ.

ಚರ್ಚಿನ ಸಾಲಿನಲ್ಲಿ ಮೊದಲಿಗೆ ಕೂತವರು ಮಿಸ್ ವರ್ನೆಲ್. ಎಂಬತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ. ಮೊಣಕಾಲ ಮೇಲೆ ನೀಲಿ ಸೂಟ್‌ಕೇಸು. "ನೀನು ಎಲ್ಲರ ದನಿ ಮಾಡ್ತೀಯ ಅಂತ ಡಾರ್ಲೀನ್ ಹೇಳಿದ್ಲು, ಬೇಬಿ. ನನ್ನದು ಮಾಡಬೇಡ. ಅದನ್ನ ನಾನಿನ್ನೂ ಉಪಯೋಗಿಸ್ತಿದೀನಿ" ಅಂದರು.

ಅವರು ತೆಗೆದ ಮೊದಲ ಫೋಟೋದಲ್ಲಿ ಒಂದು ಮರದ ಮನೆ, ಮುಂದೆ ಮೂರು ಮೆಟ್ಟಿಲು, ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಅವರ ತಾಯಿ. ಹೆದ್ದಾರಿಗಾಗಿ ಆ ಬೀದಿಯನ್ನೇ ಕೆಡವಿದ್ದರು. ಮನೆಯ ಚಿತ್ರವೆಂದು ಉಳಿದದ್ದು ಇದೊಂದೇ. ಪ್ರತಿ ಫೋಟೋ ಬಗ್ಗೆ ಅದರ ಒಡೆಯರು ಹೇಳುವುದನ್ನು ನಾವು ರೆಕಾರ್ಡ್ ಮಾಡುತ್ತೇವೆ. ಮಿಸ್ ವರ್ನೆಲ್ ಮೈಕಿಗೆ ಹೇಳಿದರು: "ಆ ಹೊಸ್ತಿಲನ್ನ ಅಮ್ಮ ಪ್ರತಿ ಶನಿವಾರ ಉಜ್ಜಿ ತೊಳೀತಿದ್ದಳು. ಧೂಳಿನ ಕಾಲಲ್ಲಿ ಪಾದ್ರಿಯನ್ನೂ ಒಳಗೆ ಬಿಟ್ಟವಳಲ್ಲ."

ಗಾಜಿನ ಮೂಲೆಗಿಟ್ಟು ಮುಂಭಾಗ ಸ್ಕ್ಯಾನ್ ಮಾಡಿದೆ. ಹಿಂದೆ ಹೆಸರು ಬರೆದಿದ್ದರಿಂದ ತಿರುಗಿಸಿ, ಈ ಸಲ ಗಾಜಿನ ನಡುವಿಗೆ ಇಟ್ಟೆ. ಈಗ ಚಿತ್ರದ ಮುಖ ಮೇಲಕ್ಕೆ, ಪ್ಯಾಡಿನ ಕಡೆಗೆ. ಮುಚ್ಚಳ ಒತ್ತಿದೆ. ಎತ್ತಿದಾಗ ಆ ತಾಯಿ ಉಜ್ಜಿ ತೊಳೆದ ಹೊಸ್ತಿಲ ಮೇಲೆ ಕೆಂಪು ಚುಕ್ಕೆ.

ಡಾರ್ಲೀನ್ ಓಡಿಬಂದು ಭೂತಗಾಜು ಹಿಡಿದರು. ಎಣ್ಣೆ ಕಾಗದಕ್ಕೆ ಇಳಿದಿತ್ತು. ಉಜ್ಜಿದರೆ ಚಿತ್ರವೇ ಎದ್ದು ಬರುವ ಹಾಗಿತ್ತು. ಅವರು ಆಗದೆಂದು ತಲೆ ಅಲ್ಲಾಡಿಸಿ ಗಾಜು ಕೆಳಗಿಟ್ಟರು.

ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ನಾಚಿಕೆಯಾದರೂ ತಪ್ಪುತ್ತಿತ್ತು. ಆದರೆ ನನ್ನ ಬಾಯಿ ಗೊತ್ತಲ್ಲ. ಡಾಕ್ಯುಮೆಂಟರಿಗೆ ವಿವರಣೆ ಕೊಡುವವರ ಗಂಭೀರ ದನಿ ತೆಗೆದು ಹೇಳಿದೆ: "ಮ್ಯಾಮ್, ನಮ್ಮ ಸಂಸ್ಕೃತಿಯಲ್ಲಿ ಇದು ತುಂಬಾ ಶುಭ. ನಾವು ಮನೆಯ ಹೊಸ್ತಿಲಿಗೇ ಕುಂಕುಮ ಇಡೋದು. ಒಂಥರಾ ಆಶೀರ್ವಾದ ಇದ್ದ ಹಾಗೆ. ಮತ್ತೆ, ಕಂಪ್ಯೂಟರ್‌ನಲ್ಲಿ ಕಲೆಯಿಲ್ಲದ ಕಾಪಿ ಇದ್ದೇ ಇದೆ."

ಮಿಸ್ ವರ್ನೆಲ್ ಫೋಟೋದಿಂದ ಕಣ್ಣೆತ್ತಲಿಲ್ಲ.

"ನಿಮ್ಮ ಮನೇಲಿ ಹೊಸ್ತಿಲಿಗೆ ಇಡೋ ಮುಂಚೆ ಮನೆಯವರನ್ನ ಕೇಳ್ತಾರಾ?"

"ಮನೆಯವರೇ ಇಡೋದು, ಮ್ಯಾಮ್."

"ಹೂಂ," ಅಂದರು. "ಇದು ನನ್ನ ತಾಯಿ ಮನೆ."

ಫೋಟೋವನ್ನು ಕರವಸ್ತ್ರದಲ್ಲಿ ಸುತ್ತಿ ಸೂಟ್‌ಕೇಸ್ ಮುಚ್ಚಿದರು. ಚಿಲಕದ ಸದ್ದಿಗೆ ಹಿಂದಿನ ಸಾಲು ಕತ್ತೆತ್ತಿ ನೋಡಿತು. ಒಬ್ಬರು ಚೀಲ ಕಂಕುಳಿಗೆ ಸೇರಿಸಿ ಎದ್ದರು. ಇನ್ನೊಬ್ಬರು ಮಗಳಿಗೆ ಕಣ್ಣುಸನ್ನೆ ಮಾಡಿದರು. ಆ ಸೂಟ್‌ಕೇಸ್ ಹೊರಗೆ ನಡೆದರೆ ಇಡೀ ಸಭಾಂಗಣ ಅದರ ಹಿಂದೆ ನಡೆಯುತ್ತದೆಂದು ನನಗೂ ಡಾರ್ಲೀನ್‌ಗೂ ಗೊತ್ತಿತ್ತು. ಆ ಚರ್ಚಿನವರ ನಂಬಿಕೆ ಗಳಿಸಲು ಡಾರ್ಲೀನ್ ವರ್ಷಗಟ್ಟಲೆ ಭಾನುವಾರ ಅಲ್ಲಿಗೆ ಡ್ರೈವ್ ಮಾಡಿದ್ದರು. ಅವರು ನನ್ನ ಪರ ಒಂದು ಮಾತೂ ಆಡಲಿಲ್ಲ. ಆಡಬಾರದಿತ್ತು ಕೂಡ.

ನನ್ನಲ್ಲಿದ್ದ ದನಿಗಳೆಲ್ಲ ಎಲ್ಲಿ ಹೋದವೋ. "ನನ್ನಿಂದ ಕೆಟ್ಟಿತು. ನಾನು ನೋಡಿಕೊಳ್ಳಲಿಲ್ಲ" ಎಂದಷ್ಟೇ ಬಂತು, ಅದೂ ನನ್ನದೇ ದನಿಯಲ್ಲಿ.

ಬಾಗಿಲ ತನಕ ಹೋಗಿದ್ದ ಮಿಸ್ ವರ್ನೆಲ್ ನಿಂತರು. ಆಮೇಲೆ ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತರು.

"ಈಗ ಹೇಗಿದೆಯೋ ಹಾಗೇ ಇನ್ನೊಮ್ಮೆ ಸ್ಕ್ಯಾನ್ ಮಾಡು. ಕಲೆಯಿಲ್ಲದ್ದೊಂದನ್ನೇ ಇಟ್ಟು, ಏನೂ ಆಗಿಲ್ಲ ಅನ್ನೋ ಹಾಗೆ ಮಾಡೋದು ಬೇಡ. ನಮ್ಮ ಬೀದಿನ ಕೆಡವಿ, ಅಲ್ಲಿ ಯಾರೂ ಇರಲೇ ಇಲ್ಲ ಅನ್ನೋ ಹಾಗೆ ಮಾಡಿದ್ರು." ಮೈಕನ್ನು ನನ್ನ ಕಡೆ ತಳ್ಳಿದರು. "ಈ ಚುಕ್ಕೆ ಎಲ್ಲಿಂದ ಬಂತು ಅಂತ ನೀನೇ ಹೇಳು. ಹೆಸರು ಸಮೇತ. ಶುಭ-ಗಿಭ ಬೇಡ."

ಮೊದಲು ಪ್ಯಾಡನ್ನು ಬದಲಾಯಿಸಿದೆ. ಆಮೇಲೆ ಹೇಳಿದೆ. ನನ್ನ ಹೆಸರು, ಹಿಂದಿನ ದಿನದ ಪೂಜೆ, ಯಂತ್ರ ನನ್ನ ಮನೆಯದ್ದಲ್ಲ ಅನ್ನುವುದನ್ನು ಮರೆತದ್ದು, ಎಲ್ಲ. ಅಮ್ಮನ ಮೇಲೆ ಹಾಕಲಿಲ್ಲ; ಯಂತ್ರ ತಂದಿಟ್ಟವನು ನಾನು. ಆಮೇಲೆ ಸೂಟ್‌ಕೇಸ್ ಮತ್ತೆ ತೆರೆಯಿತು. ಎದ್ದು ನಿಂತವರಲ್ಲಿ ಕೆಲವರು ಕೂತರು. ಎಲ್ಲರೂ ಅಲ್ಲ. ಹೋದವರ ಚೀಲಗಳಲ್ಲಿ ಏನಿತ್ತೋ, ನಮಗೆ ಗೊತ್ತಾಗುವುದೇ ಇಲ್ಲ.

ನಮ್ಮ ವೃತ್ತಿಯಲ್ಲಿ ಕಾಗದ ಮುಟ್ಟುವ ಮುನ್ನ ಕೈ ತೊಳೆಯಲು ಕಲಿಸುತ್ತಾರೆ. ನಾವು ಒಳ್ಳೆಯದೆಂದು ಹೊತ್ತು ತಂದದ್ದನ್ನೂ ಹೊರಗೇ ಬಿಟ್ಟು ಒಳಗೆ ಹೋಗಬೇಕೆಂದು ನನಗೆ ಕಲಿಸಿದ್ದು ಆ ಹೊಸ್ತಿಲು.

ಕಳೆದ ವರ್ಷ ಹ್ಯೂಸ್ಟನ್‌ನಲ್ಲಿ ಇಂಥದ್ದೇ ಕಾರ್ಯಕ್ರಮ. ಮಿಸ್ ವರ್ನೆಲ್ ಅವರ ತಮ್ಮನ ಮೊಮ್ಮಗಳು ಒಂದು ಆಲ್ಬಂ ಹಿಡಿದು ಬಂದಳು. ನನ್ನ ಕುತ್ತಿಗೆಯ ಬ್ಯಾಡ್ಜ್ ಓದಿ, ಫಕ್ಕನೆ ನಕ್ಕಳು.

"ಓ! ಅಜ್ಜಿ ಮನೆಯ ಕೆಂಪು ಚುಕ್ಕೆ ನೀವೇನಾ? ನಿಮ್ಮ ರೆಕಾರ್ಡಿಂಗನ್ನ ನಮ್ಮ ಮನೆಯವರೆಲ್ಲ ಕೇಳಿದೀವಿ."

ಅವಳ ಎದುರಿಗೇ ಮುಚ್ಚಳ ಎತ್ತಿ, ಕಲೆಯಿಲ್ಲದ ಪ್ಯಾಡ್ ತೋರಿಸಿ, ಅವಳು ಹೂಂ ಎಂದು ತಲೆಯಾಡಿಸಿದ ಮೇಲೆ ಆಲ್ಬಂಗೆ ಕೈ ಚಾಚಿದೆ.

"ಹೌದು, ನಾನೇ" ಅಂದೆ.