ಬೆನ್ನು ತಿರುಗಿಸಿ ನಿಂತವರು

ಹೊಸದುರ್ಗದ ಬಸ್ ನಿಲ್ದಾಣದ ಎದುರು ಕನ್ನಡಕ ಹಾಕಿದ ಒಬ್ಬರ ಸೈಬರ್ ಸೆಂಟರ್ ಇತ್ತು. ಗಿರಾಕಿ ಕೀಬೋರ್ಡ್ ಮುಟ್ಟಿದರೆ ಸಾಕು, ಅವರು ಬೆನ್ನು ತಿರುಗಿಸಿ ಕನ್ನಡಕ ಒರೆಸುತ್ತ ನಿಲ್ಲುತ್ತಿದ್ದರು. "ನಿಮ್ದು ನೀವು ನೋಡ್ಕಳ್ರಿ" ಎನ್ನುವುದೊಂದೇ ಮಾತು.

ಪಿಯುಸಿ ಫಲಿತಾಂಶದ ದಿನ ಊರಿನ ಬೇರೆ ಸೆಂಟರ್‌ಗಳವರು ಬಾಗಿಲಿಗೆ ಬಂದು, ಈರುಳ್ಳಿ ಹರಾಜು ಕೂಗಿದ ಹಾಗೆ ಪಾಸು-ಫೇಲು ಕೂಗುತ್ತಿದ್ದರು. ಇವರು ಮಾತ್ರ ಒಬ್ಬೊಬ್ಬರನ್ನೇ ಒಳಗೆ ಬಿಟ್ಟು, ಹೊರಗೆ ನಿಂತವರಿಂದ ಬೈಸಿಕೊಳ್ಳುತ್ತಿದ್ದರು.

ನಮ್ಮೂರು ಮತ್ತೋಡಿನಿಂದ ನನ್ನನ್ನು ಕರೆತಂದಿದ್ದ ಅಪ್ಪ ನನಗಿಂತ ಮೊದಲೇ ನುಗ್ಗಿದರು. "ನನ್ ಮಗಳದು, ನಾನೇ ನೋಡ್ತೀನಿ."

"ನಂಬರ್ ಅವರ್ದು, ಮೊದ್ಲು ಅವರು ನೋಡ್ಲಿ" ಎಂದು ಸೆಂಟರಿನವರು ಅಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿ, ನನಗೆ ಕುರ್ಚಿ ಎಳೆದು ಕೊಟ್ಟರು. "ನೀವು ಕುಂತ್ಕಳ್ರಿ." ನನ್ನನ್ನು ಬಹುವಚನದಲ್ಲಿ ಕರೆದ ಮೊದಲ ಮನುಷ್ಯ ಅವರು.

ಇಂಗ್ಲಿಷಿನಲ್ಲಿ ಫೇಲಾಗಿದ್ದೆ. ಮುಖ ಒರೆಸಿಕೊಂಡು ಹೊರಗೆ ಬಂದು, ಅಪ್ಪನನ್ನು ಹುಣಸೆಮರದ ಹತ್ತಿರ ಕರೆದು, ಮೆಲ್ಲಗೆ ನಾನೇ ಹೇಳಿದೆ. "ಇಂಗ್ಲಿಷ್ ಹೋಗೈತಪ್ಪ."

ಕೂಗಲು ಬಾಯಿ ತೆರೆದ ಅಪ್ಪ ನನ್ನ ಮುಖ ನೋಡಿ ತಡೆದುಕೊಂಡರು. "ಮತ್ತೆ ಕಟ್ಟಿದ್ರಾತು. ನಡಿ, ಹೋಗಾಣ."

ಕೆಲವು ವರ್ಷಗಳ ಮೇಲೆ ಸೆಂಟರ್ ಮುಚ್ಚಿತು. ಇಂಟರ್ನೆಟ್ಟಿನಲ್ಲೂ ಜನರ ಖಾಸಗಿ ವಿಷಯ ಖಾಸಗಿಯಾಗಿಯೇ ಉಳಿಯಬೇಕೆಂದು ಅವರು ಊರೂರು ತಿರುಗಿ ಮಾತಾಡತೊಡಗಿದರು. ನಾನು ಕೆಲಸಕ್ಕಿದ್ದ ಚಿತ್ರದುರ್ಗದ ಕಾಲೇಜಿಗೂ ಒಮ್ಮೆ ಬಂದರು. ಭಾಷಣ ಮುಗಿದ ಮೇಲೆ ಗುರುತು ಹೇಳಿದೆ. "ಪಿಯುಸಿ ರಿಸಲ್ಟ್ ದಿನ ನಿಮ್ ಸೆಂಟರ್‌ಗೆ ಅಪ್ಪನ ಜತೆ ಬಂದು ಫೇಲಾದ ಹುಡುಗಿ ನಾನೇ ಸಾರ್."

ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ನಿಮ್ ತಂದೆಯವರ ನೆನಪೈತೆ. ಫೇಲಾಗಿದ್ರಾ? ನಂಗೆ ಇವತ್ತೇ ಗೊತ್ತಾಗಿದ್ದು."