ಪಾರ್ಲರಿನ ಅಕ್ಕನ ಸರ್ಟಿಫಿಕೇಟು

ಅಕ್ಕನ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಇತ್ತು. ಹುಬ್ಬು ತೆಗೆಯುವಾಗ ದಾರದ ತುದಿಯನ್ನು ಇಪ್ಪತ್ತು ವರ್ಷ ಅದೇ ಹಲ್ಲಿನಲ್ಲಿ ಹಿಡಿದು ಆದ ಸವೆತ. ನಾನು ಅವರನ್ನು ಕಂಡಾಗ ಮಾತ್ರ ಅವರು ಹುಬ್ಬು ತೆಗೆಯುತ್ತಿರಲಿಲ್ಲ. ಗಲ್ಫಿನಲ್ಲಿ, ಅಲ್ ಕುಸೈಸಿನ ನಮ್ಮ ಕಟ್ಟಡದ ಕೆಳಗಿನ ಬ್ಯೂಟಿ ಪಾರ್ಲರಿನಲ್ಲಿ, ಕೌಂಟರಿನ ಹಿಂದೆ ಕೂತು ಟವೆಲ್ ಮಡಿಸುತ್ತಿದ್ದರು.

ನನಗೆ ಆಗ ಮಾತಾಡಲು ಯಾರೂ ಇರಲಿಲ್ಲ. ಗಂಡನಿಗೆ ದೂರದ ಬನಿಯಾಸಿನಲ್ಲಿ ಕೆಲಸ, ಮನೆಗೆ ಬರುವುದು ವಾರಕ್ಕೊಮ್ಮೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಕೋಣೆ ಸೇರುತ್ತಿದ್ದಳು. ಪಾರ್ಲರಿನಿಂದ ಉಡುಪಿ ಕಡೆಯ ಮಾತು ಕೇಳಿಸಿತೆಂದೇ ಒಳಗೆ ಹೋದೆ. ಆಮೇಲೆ ದಿನವೂ ಹೋದೆ. ಅಕ್ಕನಿಗೂ ಯಾರೂ ಇರಲಿಲ್ಲ, ಮದುವೆಯಾಗಿರಲಿಲ್ಲ, ಆರು ಮಂದಿಯ ಕೋಣೆಯಲ್ಲಿ ಒಂದು ಮಂಚ ಅವರ ಮನೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನನ್ನ ಕೈಗೆ ದಾರ ಕೊಟ್ಟು, ತಮ್ಮ ಕಾಲಿನ ಕೂದಲ ಮೇಲೆಯೇ ಕಲಿಸಿದರು.

ಈ ಕೆಲಸವನ್ನೇ ಹಿಡಿಯಬೇಕು, ಹಗಲಿಡೀ ಗೋಡೆ ನೋಡುವುದು ಸಾಕು ಅನ್ನಿಸಿತು. ಹತ್ತು ದಿನದ ಡಿಪ್ಲೊಮಾದ ಜಾಹೀರಾತು ತಂದು ತೋರಿಸಿದೆ. ಬಂಗಾರದ ಅಂಚಿನ ಸರ್ಟಿಫಿಕೇಟು, ಅದಕ್ಕೆ ಮೊಹರು ಹಾಕಿಸುವ ಸರಕಾರಿ ಅಟೆಸ್ಟೇಷನ್ನೂ ಅವರೇ ಮಾಡಿಸುತ್ತಾರಂತೆ.

"ಬೆಳ್ಳಗಿರುವುದೆಲ್ಲ ಹಾಲಲ್ಲ ಮಾರಾಯ್ತಿ," ಎಂದು ಅಕ್ಕ ತಮ್ಮದೇ ಸರ್ಟಿಫಿಕೇಟು ತೆಗೆದರು. ಹಿಂಬದಿಯಲ್ಲಿ ಜಾಗವೇ ಇಲ್ಲದಷ್ಟು ಮೊಹರುಗಳು. "ಇಷ್ಟು ಸೀಲು ಬಿದ್ದ ಮೇಲೆ ಇನ್ನೆಂತ ಬೇಕು ಅಂತ ನಾನೂ ಎಣಿಸಿದ್ದೆ. ಮುಖಕ್ಕೆ ಕೆಮಿಕಲ್ ಹಚ್ಚಿ ಪೀಲ್ ಮಾಡುವಾಗ ಒಬ್ಬಳ ಕೆನ್ನೆ ಸುಟ್ಟಿತು. ಇನ್ಶೂರೆನ್ಸಿನವರು ಎಂತ ಹೇಳಿದ್ರು ಗೊತ್ತುಂಟಾ? ಕಾಗದ ಸುಳ್ಳಲ್ಲ, ಆದ್ರೆ ಈ ಕೋರ್ಸಿಗೆ ಮಾನ್ಯತೆ ಇಲ್ಲ, ನಿಮಗೆ ಕವರ್ ಇಲ್ಲ ಅಂತ. ಖಲಾಸ್. ಅವತ್ತಿಂದ ಓನರ್ ನನ್ನನ್ನು ಒಬ್ಬರ ಮುಖವನ್ನೂ ಮುಟ್ಲಿಕ್ಕೆ ಬಿಡ್ಲಿಲ್ಲ."

ಗಲ್ಫಿಗೆ ಬಂದ ನಾವೆಲ್ಲ ಮಾಡುವ ತಪ್ಪು ಅದು. ಮೊಹರು ಕಂಡರೆ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಳ್ಳುತ್ತೇವೆ.

"ಮೊದಲು ಈ ಕೋರ್ಸು ನಡೀತದಾ ಅಂತ ಇನ್ಶೂರೆನ್ಸಿನವರತ್ರ ಕೇಳು, ಆಮೇಲೆ ಕ್ಲಾಸಿಗೆ ಸೇರು. ಬಾಯಲ್ಲಿ ಹೇಳಿದ್ರೆ ಸಾಲ್ದು, ಈಮೇಲಲ್ಲಿ ಬರ್ಸಿ ತಕೊ," ಎಂದರು ಅಕ್ಕ.

"ಹತ್ತು ದಿನದಲ್ಲಿ ಆಗುವುದಕ್ಕೆ ಇಷ್ಟೆಲ್ಲ ಯಾರು ಮಾಡ್ತಾರೆ?" ಎಂದು ಸಿಟ್ಟಿನಿಂದ ಎದ್ದು ಬಂದೆ. ಎರಡು ದಿನ ಮನೆಯಲ್ಲೇ ಕೂತೆ. ಯಾರೂ ಬಾಗಿಲು ತಟ್ಟಲಿಲ್ಲ. ಮೂರನೆಯ ದಿನ ಇನ್ಶೂರೆನ್ಸಿನವರಿಗೆ ಈಮೇಲ್ ಬರೆದೆ. ಹತ್ತು ದಿನದ್ದು ನಡೆಯುವುದಿಲ್ಲವೆಂದು ಉತ್ತರ ಬಂತು. ಅವರು ಒಪ್ಪುವ ಕೋರ್ಸು ಅಲ್ ಬರ್ಷಾದಲ್ಲಿತ್ತು, ಒಂದು ವರ್ಷದ್ದು. ಸೇರಿದೆ.

ಫೇಷಿಯಲ್ ಪರೀಕ್ಷೆಗೆ ಮಾಡೆಲನ್ನು ನಾವೇ ಕರೆದೊಯ್ಯಬೇಕಿತ್ತು. ಅಕ್ಕ ರಜೆ ಹಾಕಿ ಬಂದು ಮಲಗಿದರು. ನಾನು ಕೆನ್ನೆಯನ್ನು ಒತ್ತಿ ಉಜ್ಜಿದಾಗ ಕಣ್ಣು ಮುಚ್ಚಿಕೊಂಡೇ, "ಬೆರಳು ಭಾರ ಆಯ್ತು," ಎಂದು ಪಿಸುಗುಟ್ಟಿದರು. ಮುಗಿಸಿ ಹೊರಗೆ ಬಂದ ಮೇಲೆ ಕೆನ್ನೆ ಸವರಿಕೊಂಡು, "ನನ್ನ ಮುಖವನ್ನ ಯಾರಾದ್ರೂ ಮುಟ್ಟಿ ಎಷ್ಟು ವರ್ಷ ಆಯ್ತೋ," ಎಂದು ಅತ್ತರು. ಮೆಟ್ರೊ ಸ್ಟೇಷನ್ನಿನಲ್ಲಿ ನಿಂತು ನಾನೂ ಅತ್ತೆ.

ನಾನು ಪಾಸಾದ ತಿಂಗಳಲ್ಲೇ ರಜೆಗೆಂದು ಊರಿಗೆ ಹೋದ ಅಕ್ಕ ಅಲ್ಲೇ ತೀರಿಕೊಂಡರು. ಸುದ್ದಿ ಹೇಳಿದ್ದು ಓನರ್. ಕೌಂಟರಿನ ಹಿಂದೆ ಆಗಲೇ ಬೇರೊಬ್ಬಳು ಕೂತಿದ್ದಳು.

ಆ ವಾರವೇ ಕೆಲಸಕ್ಕೆ ಬೇಕಾದ ವಿಮೆಯ ಅರ್ಜಿ ತುಂಬಿಸಬೇಕಾಯಿತು. ನಿಮಗೆ ತರಬೇತಿ ಕೊಟ್ಟವರು ಯಾರು ಎಂದೊಂದು ಸಾಲು. ಗೊತ್ತಿದ್ದೂ ಗೊತ್ತಿದ್ದೂ ಅಕ್ಕನ ಹೆಸರು ಬರೆದೆ. ಮಾನ್ಯತೆ ಇರುವ ಸಂಸ್ಥೆಯ ಹೆಸರೇ ಬೇಕೆಂದು ಅರ್ಜಿ ಹಿಂದೆ ಬಂತು. ಅವರ ಹೆಸರು ಹೊಡೆದುಹಾಕಿ ಸಂಸ್ಥೆಯ ಹೆಸರು ಬರೆದು ಕಳಿಸಿದೆ. ಮರುದಿನವೇ ಪಾಲಿಸಿ ಬಂತು.