ಬಂಡೆಯ ಮೇಲಿನ ಹುಲ್ಲು

ಎಂಬತ್ತರ ದಶಕದಲ್ಲಿ ನಾನು ಕರಾವಳಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಅಪ್ಪ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಸುರಂಗಕ್ಕಿಳಿಯುವ ಕೆಲಸಗಾರ. ಅಮ್ಮ ಗಣಿಯವರು ಕೊಟ್ಟ ಲೈನ್ ಮನೆಯ ಹಿಂದೆ ಮೇಕೆ ಸಾಕಿದ್ದಳು. ಆ ವರ್ಷ ಪ್ರಬಂಧ ಒಪ್ಪಿಸದಿದ್ದರೆ ಓದು ಅಲ್ಲಿಗೇ ಮುಗಿಯಿತು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಸಮುದ್ರದ ಬಂಡೆಗಳಿಗೆ ಟೋಪಿಯಂಥ ಚಿಪ್ಪಿನ ಹುಳುಗಳು ಅಂಟಿಕೊಂಡಿರುತ್ತವೆ. ನೀರೇರಿದಾಗ ಹರಿದಾಡಿ, ಎಳೆ ಪಾಚಿಯನ್ನು ಕೆರೆದು ಮೇಯುತ್ತವೆ. ಒಂದು ಚೌಕದಲ್ಲಿದ್ದ ಅವನ್ನೆಲ್ಲ ನಾನು ಕಿತ್ತು, ಸುತ್ತ ತಂತಿಜಾಲರಿ ಬಡಿದಿದ್ದೆ. ಕೆಲವೇ ವಾರಗಳಲ್ಲಿ ಅಲ್ಲಿ ಹಸಿರು ಪಾಚಿ ಸೊಂಪಾಗಿ ಬೆಳೆದು, ಅದರೊಳಗೆ ಪುಟ್ಟ ಏಡಿ, ಸೀಗಡಿಗಳು ಸಂಸಾರ ಹೂಡಿದವು. ಹುಳುಗಳನ್ನು ಬಿಟ್ಟಿದ್ದ ಪಕ್ಕದ ಚೌಕ ಬೋಳಾಗಿಯೇ ಉಳಿಯಿತು. ಈ ವ್ಯತ್ಯಾಸವೇ ನನ್ನ ಪ್ರಬಂಧ.

ನನ್ನನ್ನು ನೋಡಲು ಬಂದ ಅಮ್ಮನನ್ನು ಬಂಡೆಯ ಹತ್ತಿರ ಕರೆದೊಯ್ದು ಇದನ್ನೆಲ್ಲ ವಿವರಿಸಿದೆ.

"ಮೇಯೋವುನ್ನ ಓಡ್ಸಿಬುಟ್ಟು ಉಲ್ಲು ಬೆಳ್ಸಿದ್ದೀಯಾ? ಯಾವ ದನಕ್ಕೆ?" ಎಂದು ನಕ್ಕಳು.

ಅವಳು ನಗುತ್ತಿರುವಾಗಲೇ ನಾನು ಆ ಪಾಚಿಯ ಮೇಲೆ ಕಾಲಿಟ್ಟು ಜಾರಿಬಿದ್ದೆ. ಅಲೆಯೊಂದು ಬಂದು ಎಳೆಯಿತು. ಜಾಲರಿ ಕೈಗೆ ಸಿಕ್ಕಿದ್ದರಿಂದ ಬದುಕಿಕೊಂಡೆ. ಅಮ್ಮ ಆಮೇಲೆ ನಗಲಿಲ್ಲ.

ಮರುದಿನ ನೀರಿಳಿದಾಗ ಹೋಗಿ ನೋಡಿದರೆ, ಅಮ್ಮ ನನಗಿಂತ ಮುಂಚೆ ಬಂದು ಚೌಕವನ್ನು ತೆಂಗಿನ ನಾರಿನಿಂದ ಬಾವಿಕಟ್ಟೆ ತಿಕ್ಕುವ ಹಾಗೆ ತಿಕ್ಕಿ ತೊಳೆದಿದ್ದಳು. ಒಂದೆಳೆ ಹಸಿರೂ ಉಳಿದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಮತ್ತೆ ಪಾಚಿ ಬೆಳೆದು ಏಡಿಗಳು ಬರುವಷ್ಟರಲ್ಲಿ ಮಳೆಗಾಲ ಹಿಡಿದು, ಕಡಲಿಗೆ ಇಳಿಯುವಂತಿರುತ್ತಿರಲಿಲ್ಲ. ನನ್ನ ಓದಿಗೆ ನೀನೇ ಎಳ್ಳುನೀರು ಬಿಟ್ಟೆ ಎಂದು ಕೂಗಾಡಿದೆ.

"ಉಲ್ಲು ಮತ್ತೆ ಬೆಳೀತದೆ. ನೀನು ಓಗ್ಬುಟ್ರೆ ಮತ್ತೆ ಬತ್ತೀಯಾ?" ಎಂದಳು. ಜಾಲರಿಯ ತಂತಿ ಕೊಯ್ದು ಅವಳ ಬೆರಳುಗಳಲ್ಲಿ ರಕ್ತ ಬರುತ್ತಿತ್ತು. "ನಿಮ್ಮಪ್ಪ ನೋಡುದ್ರೆ ನೆಲದೊಳಕ್ಕೆ ಇಳೀತಾರೆ, ನೀನು ನೀರೊಳಕ್ಕೆ. ನಾನು ಎಷ್ಟು ಜನ್ರ ದಾರಿ ಕಾಯ್ಲಿ?"

ಆದರೂ ಸಿಟ್ಟು ಇಳಿಯಲಿಲ್ಲ. ಬಸ್ ಹತ್ತಿಸುವಾಗಲೂ ಮುಖ ಊದಿಸಿಕೊಂಡೇ ಇದ್ದೆ.

ಊರಿಗೆ ಹೋದ ಅಮ್ಮ, "ಕೆಡ್ಸಿದ್ದು ನಾನು, ಇನ್ನೊಂದು ವರ್ಸ ಓದ್ಲಿ" ಎಂದು ಅಪ್ಪನ ಬೆನ್ನು ಹತ್ತಿ ಒಪ್ಪಿಸಿದಳು. ಮಳೆಗಾಲ ಕಳೆದ ಮೇಲೆ ತಾನೂ ಬಂದಳು, ಮೇಕೆ ಕಟ್ಟುವ ಹಗ್ಗದ ಸಮೇತ. ಒಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ತನ್ನ ಕೈಗೆ ಸುತ್ತಿಕೊಂಡು ಮರಳಿನಲ್ಲಿ ಕೂತಳು. ಸಹಪಾಠಿಗಳು ಬಿದ್ದು ಬಿದ್ದು ನಕ್ಕರು. ನನಗೆ ನಾಚಿಕೆಯಿಂದ ಸಾಯುವಂತಾಯಿತು. ಆದರೂ ಬಿಚ್ಚಲಿಲ್ಲ. ಪಾಚಿ ಬೆಳೆಯಿತು, ಏಡಿಗಳು ಬಂದವು, ನಾನು ಅವುಗಳ ಮಧ್ಯೆ ಬಗ್ಗಿ ಬರೆದುಕೊಂಡೆ. ಸ್ವಲ್ಪ ಮುಂದೆ ಸರಿದರೆ ಸಾಕು, ಹಿಂದಿನಿಂದ ಹಗ್ಗ ಬಿಗಿಯಾಗುತ್ತಿತ್ತು.